ಯಜಮಾನನ ಕುರ್ಚಿ

ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತ ಫೋನು ತೆರೆದವಳು ಕಪ್ಪು ಕೆಳಗಿಟ್ಟೆ. ನಮ್ಮ ಚರ್ಚಿನ ಸಭೆಯ ಹೆಣ್ಣುಮಗಳೊಬ್ಬಳು, ದಿನಾ ಬೆಳಗಾದರೆ ಹೂವಿನ ಚಿತ್ರದ ಮೇಲೆ ಶುಭೋದಯ ಬರೆದು ಕಳಿಸುವವಳು, ಅವತ್ತು ಬೇರೇನೋ ಕಳಿಸಿದ್ದಳು. ಇವತ್ತು ಇಂಥ ದೇವದೂತನ ದಿನವಂತೆ, ಅವನ ಹೆಸರು ಹೇಳಿಕೊಂಡು ಸಂಜೆಯವರೆಗೆ ಉಪ್ಪು ಮುಟ್ಟದಿದ್ದರೆ ಬೇಡಿದ್ದು ಸಿಗುತ್ತದಂತೆ, ಈ ಸಂದೇಶವನ್ನು ಬೇರೆಯವರಿಗೆ ಕಳಿಸದೆ ಅಳಿಸಿದವರ ಮನೆಗೆ ಕೇಡು ತಪ್ಪಿದ್ದಲ್ಲವಂತೆ. ಉಪ್ಪು! ಮತ್ತೆ ಅದೇ ಉಪ್ಪು! ನನ್ನ ಬಾಲ್ಯದ ಮನೆಯನ್ನು ಅಲ್ಲಾಡಿಸಿ ಹೋದದ್ದು ಇಷ್ಟು ವರ್ಷಗಳ ಮೇಲೆ ಫೋನಿನೊಳಗೆ ಹೊಕ್ಕು ನನ್ನ ಅಡಿಗೆಮನೆಗೆ ಬಂದು ನಿಂತಿತ್ತು. ಆಕೆಗೆ ಫೋನು ಹಚ್ಚಿ ಜಾಡಿಸಬೇಕೆಂದು ಕೈ ಮುಂದಾಯಿತು, ಮೊದಲೇ ನನ್ನ ಬಾಯಿ ಜೋರು. ಅಷ್ಟರಲ್ಲಿ ಕಣ್ಣು ಪಡಸಾಲೆಯ ಕುರ್ಚಿಯ ಮೇಲೆ ಬಿತ್ತು, ಮೊಮ್ಮಗಳು ಅದರ ಮೇಲೆ ಕಾಲು ಮಡಚಿ ಕೂತು ಬಿಸ್ಕಿಟು ಮುರಿಯುತ್ತಿದ್ದಳು. ಬಯ್ಯುವ ಮನಸ್ಸು ಇಳಿಯಿತು. ಆ ಕುರ್ಚಿ ನನಗೆ ಬಹಳ ಹಿಂದೆಯೇ ಒಂದು ಪಾಠ ಹೇಳಿತ್ತು.

ಬೆಟಗೇರಿಯಲ್ಲಿ ನಾವಿದ್ದದ್ದು ನೇಕಾರರ ಓಣಿಯ ತುದಿಗೆ. ಬೆಳಕು ಹರಿಯುವುದೇ ತಡ, ಆಚೆ ಈಚೆ ಮನೆಗಳಿಂದ ಮಗ್ಗದ ಖಟಪಟ ಶುರುವಾಗುತ್ತಿತ್ತು, ನಮ್ಮ ಮನೆಯ ಪ್ರಾರ್ಥನೆ ಆ ತಾಳಕ್ಕೇ ನಡೆಯುತ್ತಿತ್ತು. ಮುಂದೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಬಲಕ್ಕೆ ಅಪ್ಪನ ಪುಸ್ತಕದ ಖೋಲಿ, ಹಿಂದೆ ಅಡಿಗೆಮನೆ. ನೆಲಕ್ಕೆಲ್ಲ ಫರಸಿ ಕಲ್ಲು, ಬೇಸಿಗೆಯಲ್ಲಿ ನಾನು ಅಂಗಾತ ಮಲಗಿ ಬೆನ್ನು ತಂಪು ಮಾಡಿಕೊಳ್ಳುತ್ತಿದ್ದ ಕಲ್ಲು. ಅಪ್ಪ ಸಭೆಯ ಉಪದೇಶಿ. ದೊಡ್ಡ ಪಾದ್ರಿಗಳು ಬರುವುದು ಹಬ್ಬಕ್ಕೆ, ಮದುವೆಗೆ. ಉಳಿದ ದಿನ ಬೋಧನೆ, ಸಮಾಧಾನ, ಹೆಣ ಹೂಳುವುದು, ಗಂಡಹೆಂಡಿರ ಜಗಳ ಬಿಡಿಸುವುದು ಎಲ್ಲವೂ ಅಪ್ಪನ ಪಾಲಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ನಮ್ಮವರ ಮನೆಗಳು ಚೂರುಪಾರು ಇದ್ದವು. ಅಪ್ಪ ಬಸ್ಸು ಹತ್ತಿ ಹೋಗಿ, ಅಲ್ಲಿಂದ ಯಾರದಾದರೂ ಸೈಕಲ್ಲು ಇಸಕೊಂಡು ಡೋಣಿ ಊರಿನ ತನಕವೂ ತುಳಿದು, ಮೈಯೆಲ್ಲ ಕಪ್ಪತಗುಡ್ಡದ ಕೆಂಧೂಳು ಹೊತ್ತು ಮನೆಗೆ ಬರುತ್ತಿದ್ದ. ಬಂದವನೇ ಕೈಕಾಲು ತೊಳೆದು, ಪಡಸಾಲೆಯ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತಿದ್ದ. ಎದುರಿಗೆ ಅಷ್ಟು ದೊಡ್ಡ ಕುರ್ಚಿ ಇತ್ತು. ಅದರಲ್ಲಿ ಮಾತ್ರ ಕೂರುತ್ತಿರಲಿಲ್ಲ.

ಅದು ಸಾಗವಾನಿಯ ಕುರ್ಚಿ, ಅಗಲವಾದ ಕೈಗಳು, ಬೆತ್ತ ಹೆಣೆದ ಆಸನ. ಅಜ್ಜ ಕೂರುತ್ತಿದ್ದದ್ದಂತೆ. ಅಜ್ಜ ತೀರಿಕೊಂಡಾಗ ಬಂಧುಬಳಗವೆಲ್ಲ ಸೇರಿ, ಇನ್ನು ಈ ಮನೆಗೆ ಯಜಮಾನ ನೀನೇ, ಕುರ್ಚಿಯಲ್ಲಿ ಕೂರು ಅಂದರಂತೆ. ಆಗಿನ್ನೂ ಮೀಸೆ ಚಿಗುರಿದ್ದ ಅಪ್ಪ, ಈ ಮನೆಯ ಯಜಮಾನ ಕ್ರಿಸ್ತ ಒಬ್ಬನೇ ಅಂದು, ಕುರ್ಚಿಯನ್ನು ಗೋಡೆಗೆ ಸರಿಸಿ, ಅದರ ಮೇಲ್ಗಡೆ ಅದೇ ಮಾತು ಬರೆದ ಹಲಗೆಯನ್ನು ಹೊಡೆದನಂತೆ. ಆವತ್ತಿನಿಂದ ಅದು ಯಜಮಾನನ ಕುರ್ಚಿ. ಅವ್ವ ದಿನಾ ಅದನ್ನು ಒರೆಸುತ್ತಿದ್ದಳು. ಅದರ ಮೇಲೆ ಟೊಪ್ಪಿಗೆ ಇಡುವಂತಿಲ್ಲ, ಒಗೆದ ಬಟ್ಟೆ ಹಾಕುವಂತಿಲ್ಲ, ಅದಕ್ಕೆ ಕಾಲು ಚಾಚುವಂತಿಲ್ಲ. ಸಣ್ಣವಳಿದ್ದಾಗ ಚೆಂಡು ಉರುಳಿ ಅದರಡಿಗೆ ಹೋದರೆ ನಾನು ಕೋಲಿನಿಂದ ಎಳೆದುಕೊಳ್ಳುತ್ತಿದ್ದೆ, ಕೈ ಹಾಕುತ್ತಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಮನೆಯ ಗಾಳಿಯಲ್ಲೇ ಅದು ಇತ್ತು.

ಪಕ್ಕದ ಮನೆಯ ನೀಲವ್ವ, ನೇಕಾರರ ಹೆಣ್ಣುಮಗಳು, ಮಜ್ಜಿಗೆಗೋ ಹೆಪ್ಪಿಗೋ ಬಂದರೆ ಪಡಸಾಲೆ ದಾಟುವಾಗ ಕುರ್ಚಿಗೆ ಕೈ ಮುಗಿದೇ ಒಳಗೆ ಹೋಗುತ್ತಿದ್ದಳು. ಒಂದು ದಿನ ಅಪ್ಪನ ಕಣ್ಣಿಗೆ ಬಿತ್ತು. ಅಪ್ಪ ಬೆಚ್ಚಿಬಿದ್ದು ಪುಸ್ತಕ ಮಡಚಿದ.

"ನೀಲವ್ವಾ, ಅದಕ್ಕ್ಯಾಕ ಕೈ ಮುಗೀತಿ? ಅದೇನ್ ದೇವರಲ್ಲವ್ವಾ, ಬರೇ ಕುರ್ಚಿ."

"ಬರೇ ಕುರ್ಚಿ ಏನ್ರಿ? ಹಂಗಾರ ಒಂದೀಟು ಕುಂಡರ್ತೀನಿ ತಡೀರಿ, ಮೊಣಕಾಲು ಹಿಡದಾವ."

"ಹಾಂ ಹಾಂ ಹಾಂ! ಬ್ಯಾಡ! ಅದರಾಗ ಬ್ಯಾಡ!"

"ಹಂಗಾರ ದೇವರ ಅನ್ರಲ್ಲಾ, ಸುಮ್ನ ಯಾಕ ಮುಚ್ಚಿಡ್ತೀರಿ?"

ನೀಲವ್ವ ನಗುತ್ತ ಹೆಪ್ಪು ಇಸಕೊಂಡು ಹೋದಳು. ಅವ್ವ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಮಾತ್ರ ನಗಲಿಲ್ಲ. ಆಕೆಗೆ ತಿಳಿಯಲಿಲ್ಲ, ತಿಳಿಸಿ ಹೇಳಬೇಕು ಅಂದ. ಏನನ್ನು ತಿಳಿಸಿ ಹೇಳಬೇಕು ಎಂದು ಯಾರೂ ಕೇಳಲಿಲ್ಲ.

ಅಪ್ಪನಿಗೆ ಒಂದೇ ಒಂದು ಪ್ರೀತಿಯ ಪಾಠವಿತ್ತು. ಊಟಕ್ಕೆ ಕೂತಾಗ ಅದನ್ನೇ ತಿರುಗಿ ತಿರುಗಿ ಹೇಳುತ್ತಿದ್ದ, ರೊಟ್ಟಿ ಮುರಿದ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು, ಪುಂಡಿಪಲ್ಯ ಆರುತ್ತಿತ್ತು. ನಾನಾಗ ನಾಲ್ಕನೆಯ ಇಯತ್ತೆ. ಆ ಪಾಠದೊಳಗಿನ ಊರು ಎಲ್ಲೋ ಹುಲಕೋಟಿಯ ಆಚೆ ಇರಬೇಕೆಂದೇ ತಿಳಿದಿದ್ದೆ.

"ಯೇಸು ಹೋಗಿ ಇನ್ನೂ ಭಾಳ ವರ್ಷ ಆಗಿದ್ದಿಲ್ಲ. ಕೊಲೊಸ್ಸೆ ಅಂತ ಊರು. ನಮ್ಮ ಬೆಟಗೇರಿ ಹಂಗ ಅದೂ ನೂಲು, ಬಣ್ಣದ ಊರು, ಉಣ್ಣಿ ನೇಯೋ ಮಂದಿ. ಅಲ್ಲಿ ಸಭಿಯೊಳಗ ಕೆಲವ್ರು ಹೊಕ್ಕರು. ಯೇಸು ಚೊಲೋನ, ಆದ್ರ ಆಂವಾ ಒಬ್ಬಾಂವನ ಸಾಲಂಗಿಲ್ಲ ಅಂದ್ರು. ಅಮಾಸಿ ಹಿಡೀರಿ, ಅದನ್ನ ಮುಟ್ಟಬ್ಯಾಡ್ರಿ, ಇದನ್ನ ತಿನಬ್ಯಾಡ್ರಿ, ದೂತರಿಗೆ ಅಡ್ಡಬೀಳ್ರಿ, ಅವ್ರು ನಿಮ್ಮನ್ನ ಮ್ಯಾಲೆ ದಾಟಸ್ತಾರ ಅಂದ್ರು."

"ಪೌಲ ಏನ್ ಮಾಡಿದಪ್ಪಾ ಆಗ?"

"ಯೇಸುನ ಮಾತು ಊರೂರಿಗೆ ಒಯ್ದಾಂವ ಪೌಲ, ಆಗ ಜೇಲಿನ್ಯಾಗಿದ್ದ. ಅಲ್ಲಿಂದನ ಆ ಸಭಿಗೆ ಕಾಗದ ಬರದ. ಆ ದೂತರನ್ನ ಮಾಡಿದಾಂವನೂ ಆ ಕ್ರಿಸ್ತನ. ಮಾಡಿದಾಂವನ ಕೈಯಾಗಿದ್ದು ಆಳಿನ ಕಾಲಿಗೆ ಯಾಕ ಬೀಳ್ತೀರಿ ಅಂದ. ದೇವರ ತುಂಬುತನ ಅಷ್ಟೂ ಒಂದ ಮೈಯಾಗ, ನಮ್ಮಂಥಾ ರಕ್ತ ಮಾಂಸದ ಮೈಯಾಗ ಬಂದೈತಿ, ಇನ್ನೇನು ಕಡಿಮಿ ಬಿತ್ತು ನಿಮಗ ಅಂತ ಕೇಳಿದ."

ಅಷ್ಟು ಹೇಳಿ ಅಪ್ಪ ಕುರ್ಚಿಯ ಕಡೆ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಖರೆ ಹೇಳಬೇಕೆಂದರೆ ನನಗೆ ಅಲ್ಲಿ ಕಾಣುತ್ತಿದ್ದದ್ದು ಪ್ರೀತಿಯ ಯಾರೋ ಅಲ್ಲ, ಗಣಿತದ ಮಾಸ್ತರರಂಥ ಯಾರೋ. ನಾನು ಜಲ್ದಿ ಉಂಡು ಏಳುತ್ತಿದ್ದೆ.

ಆ ವರ್ಷ ಮುಂಡರಗಿಯಿಂದ ಖಬರು ಬಂತು. ಯಾವ ಕಡೆಯಿಂದಲೋ ಒಬ್ಬ ಹೊಸ ಬೋಧಕ ಬಂದಿದ್ದಾನೆ, ಬಿಳಿ ಜುಬ್ಬಾ ಹಾಕುತ್ತಾನೆ, ಮೆತ್ತಗೆ ಮಾತಾಡುತ್ತಾನೆ, ಮನೆ ಮನೆಗೆ ಹೋಗಿ ವಾರದ ಒಂದೊಂದು ದಿನಕ್ಕೂ ಒಬ್ಬೊಬ್ಬ ದೂತನ ಹೆಸರು ಹೇಳಿಕೊಡುತ್ತಾನೆ. ಅಮಾವಾಸ್ಯೆಗೆ ಉಪ್ಪು ಬಿಡಬೇಕಂತೆ, ನೀರೂ ಬಿಟ್ಟರೆ ಇನ್ನೂ ಒಳ್ಳೆಯದಂತೆ, ಬಲಗೈಗೆ ಗಂಟಿನ ದಾರ ಕಟ್ಟಬೇಕಂತೆ. ಅಪ್ಪನ ಮುಖದ ಬಣ್ಣವೇ ಹೋಯಿತು. ದಿನಾ ಊಟದ ಹೊತ್ತಿಗೆ ಹೇಳುತ್ತಿದ್ದ ಕಥೆ ಬಸ್ಸು ಇಳಿದು ಎದುರಿಗೆ ಬಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಮರುದಿನವೇ ಮುಂಡರಗಿಗೆ ಹೋದ. ಎರಡು ಸಲ ಹೋದ, ಮೂರು ಸಲ ಹೋದ. ಬರುವಾಗಲೆಲ್ಲ ಗಂಟಲು ಬಿದ್ದಿರುತ್ತಿತ್ತು. ಅರ್ಧ ಮನೆಗಳು ಅಪ್ಪನ ಕಡೆ, ಅರ್ಧ ಮನೆಗಳು ಜುಬ್ಬಾದವನ ಕಡೆ. ಅಪ್ಪ ಬಾಯಿ ಬಡಿದುಕೊಂಡು ಕ್ರಿಸ್ತ ಎಲ್ಲರಿಗಿಂತ ಮೇಲೆ ಅಂದರೆ, ಆ ಮಂದಿ ತಲೆ ಅಲ್ಲಾಡಿಸಿ, ಹೌದ್ರಿ, ಭಾಳ ಮ್ಯಾಲಿದಾನ, ಅದಕ್ಕ ನಡುವೆ ಯಾರರ ಬೇಕಲ್ರಿ, ಅನ್ನುತ್ತಿದ್ದರಂತೆ. ಈ ಮಾತಿಗೆ ಅಪ್ಪ ಹಲ್ಲು ಕಡಿಯುತ್ತಿದ್ದ. ಇಂಥ ಮಾತಿಗೆ ಏನು ಉತ್ತರ ಕೊಡಬೇಕು ಅಂತ ಅವ್ವನನ್ನು ಕೇಳುತ್ತಿದ್ದ. ಅವ್ವ, ಮೊದಲು ಗಂಟಲಿಗೆ ಅರಿಷಿಣದ ಹಾಲು ಕುಡೀರಿ ಅನ್ನುತ್ತಿದ್ದಳು.

ನಾಲ್ಕನೆಯ ಸಲ ಹೋಗಿ ಬಂದಾಗ ಅಪ್ಪ ಒಳಗೆ ಬರಲೇ ಇಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟ. ಚಪ್ಪಲಿಯನ್ನೂ ಬಿಡಲಿಲ್ಲ. ಅವ್ವ ನೀರಿನ ತಂಬಿಗೆ ಹಿಡಿದು ಬಂದು ನಿಂತಳು.

"ಏನಾತ್ರಿ? ಯಾರರ ತೀರಕೊಂಡ್ರೇನು?"

"ಕರುಣಾ," ಅಂದ ಅಪ್ಪ. "ನಮ್ಮ ಕರುಣಾನೂ ದಾರ ಕಟಕೊಂಡಾಳ."

ಕರುಣತ್ತಿ ಅಪ್ಪನ ಒಬ್ಬಳೇ ತಂಗಿ, ವಯಸ್ಸಿನಲ್ಲಿ ಬಹಳ ಸಣ್ಣವಳು. ಅಜ್ಜ ಹೋದಾಗ ಲಂಗ ಹಾಕುವ ಹುಡುಗಿ. ಅಪ್ಪನೇ ಬೆಳೆಸಿ, ಓದಿಸಿ, ಮುಂಡರಗಿಯ ದರ್ಜಿ ಮಾವನಿಗೆ ಕೊಟ್ಟು ಮದುವೆ ಮಾಡಿದ್ದ. ಪ್ರಾರ್ಥನೆಯ ಹಾಡು ಅವಳಷ್ಟು ಚೆಂದ ಯಾರೂ ಹೇಳುತ್ತಿರಲಿಲ್ಲ. ಎರಡು ಸಲ ಬಸುರಾಗಿ ಎರಡು ಸಲವೂ ಕೂಸು ಉಳಿದಿರಲಿಲ್ಲ. ಈಗ ಮತ್ತೆ ದಿನ ತುಂಬುತ್ತಿತ್ತು. ಅಂಥವಳ ಕೈಯಲ್ಲಿ ದಾರ! ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ ಮೊದಲು. ಅಪ್ಪಂದಿರು ಅಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಬಾಣಂತನಕ್ಕೆ ತವರಿಗೆ ಬರಬೇಕಲ್ಲ, ಅವಳ ತವರು ಅಂದರೆ ನಮ್ಮ ಮನೆಯೇ. ಮಾವ ಬಸ್ಸಿನಲ್ಲಿ ಕರೆದುಕೊಂಡು ಬಂದು ಬಿಟ್ಟು ಹೋದ. ಅತ್ತಿ ಕಟ್ಟೆ ಹತ್ತುವಾಗ ಏದುಸಿರು ಬಿಡುತ್ತಿದ್ದಳು, ಕಾಲು ಬಾತಿದ್ದವು. ಅಪ್ಪ ಬಾಗಿಲಲ್ಲಿ ಅಡ್ಡ ನಿಂತ.

"ಆ ದಾರ ಹರದು ಒಳಗ ಬಾ, ಕರುಣಾ."

"ಅಣ್ಣಾ, ಈ ಕೂಸರ ಉಳೀಲಿ. ಆಮ್ಯಾಲೆ ನೀ ಹೇಳಿದಂಗ ಕೇಳ್ತೀನಿ."

"ಕೂಸು ಕೊಡಾಂವ ಯಾರು? ದಾರ ಕೊಡ್ತೈತೇನು?"

ಅವ್ವ ಹಿಂದಿನಿಂದ ಬಂದು, ಅಪ್ಪನ ತೋಳು ಸರಿಸಿ, ಅತ್ತಿಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಗಂಡನ ತೋಳನ್ನು ಅವಳು ಹಾಗೆ ಸರಿಸಿದ್ದು ನೋಡಿ ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ನಮ್ಮ ಅವ್ವ ಎಂದೂ ಎದುರು ಮಾತಾಡಿದವಳಲ್ಲ.

"ದಾರದ ಮಾತು ಆಮ್ಯಾಲೆ ಆಡ್ರಿ. ಬಸರಿ ಹೆಂಗಸು ಬಿಸಲಾಗ ನಿಂತಾಳ, ಕಣ್ಣಿಗೆ ಕಾಣಂಗಿಲ್ಲೇನು?"

ಆಮೇಲಿನ ದಿನಗಳ ಊಟ ನೆನೆಸಿಕೊಂಡರೆ ಈಗಲೂ ತುತ್ತು ಇಳಿಯುವುದಿಲ್ಲ. ಅತ್ತಿ ತಾಟಿನ ಮುಂದೆ ಕೂತು ಮೊದಲು ತುಟಿ ಅಲ್ಲಾಡಿಸಿ ಯಾವುದೋ ಹೆಸರು ಹೇಳುತ್ತಿದ್ದಳು. ಅಪ್ಪ ಕಥೆ ಶುರು ಮಾಡುತ್ತಿದ್ದ, ಕೊಲೊಸ್ಸೆ, ಪೌಲ, ಜೇಲು, ಎಲ್ಲವೂ. ಈಗ ಅದು ಕಥೆಯಾಗಿರಲಿಲ್ಲ, ಒಬ್ಬಳ ಮೇಲೆ ಬೀಸುವ ಕಲ್ಲಾಗಿತ್ತು. ಅತ್ತಿ ತಲೆ ಬಗ್ಗಿಸಿ ಕೇಳುತ್ತಿದ್ದಳು, ಹೌದಣ್ಣಾ ಅನ್ನುತ್ತಿದ್ದಳು, ರೊಟ್ಟಿಯನ್ನು ಚೂರು ಚೂರು ಮಾಡಿ ತಾಟಿನ ಅಂಚಿಗೆ ಸರಿಸುತ್ತಿದ್ದಳು. ಹಸಿದವಳಿಗೆ ಉಣ್ಣಲು ಬಿಡ್ರಿ ಅಂತ ಅವ್ವ ಕಣ್ಣಲ್ಲೇ ಹೇಳುತ್ತಿದ್ದಳು. ಅಪ್ಪ ಬಿಡುತ್ತಿರಲಿಲ್ಲ. ಅವನಿಗೂ ಅಂಜಿಕೆ, ತಂಗಿ ಕೈತಪ್ಪಿ ಹೋದಾಳು ಅಂತ. ಅವಳಿಗೂ ಅಂಜಿಕೆ, ಕೂಸು ಕೈತಪ್ಪಿ ಹೋದೀತು ಅಂತ. ಇಬ್ಬರ ಅಂಜಿಕೆಯ ನಡುವೆ ಪಲ್ಯ ತಣ್ಣಗಾಗುತ್ತಿತ್ತು.

ಅಮಾವಾಸ್ಯೆ ಬಂತು. ಅತ್ತಿ ಬೆಳಿಗ್ಗೆಯಿಂದ ಉಪ್ಪು ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ. ಅವ್ವ ಗಂಜಿ ಹಿಡಿದು ಹಿಂದೆ ಹಿಂದೆ ತಿರುಗಿದಳು, ಕೂಸಿನ ಆಣೆ ಹಾಕಿದಳು, ಬೈದಳು, ಕೈ ಮುಗಿದಳು. ಅತ್ತಿ ಒಪ್ಪಲಿಲ್ಲ. ಅವಳ ತುಟಿ ಬಿರುಕು ಬಿಟ್ಟಿದ್ದವು. ಬೆರಳು ಬಾತು, ಮಣಿಕಟ್ಟಿನ ದಾರ ಚರ್ಮದೊಳಗೆ ಇಳಿದು ಸುತ್ತಲೂ ನೀಲಿಗಟ್ಟಿತ್ತು. ಶಾಲೆಗೆ ಅವತ್ತು ಸೂಟಿ, ನಾನು ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತಿದ್ದೆ. ಅಪ್ಪ ಖೋಲಿಯಲ್ಲಿ ಪುಸ್ತಕ ತೆರೆದುಕೊಂಡು ಭಾನುವಾರದ ಬೋಧನೆ ಬರೆಯುತ್ತಿದ್ದ. ಹೊತ್ತು ನೆತ್ತಿಗೆ ಬಂದಿತ್ತು, ಮಗ್ಗಗಳೆಲ್ಲ ಊಟಕ್ಕೆಂದು ನಿಂತಿದ್ದವು.

ಅತ್ತಿ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದಳು. ನಾಲ್ಕು ಹೆಜ್ಜೆ ಬಂದವಳು ಪಡಸಾಲೆಯಲ್ಲಿ ನಿಂತಳು. ಕಣ್ಣು ಕತ್ತಲೆಗಟ್ಟಿತೋ ಏನೋ, ಕೈ ಚಾಚಿದಳು. ಕೈಗೆ ಸಿಕ್ಕಿದ್ದು ಕುರ್ಚಿಯ ಕೈ. ಅದನ್ನು ಹಿಡಿದು ಒಂದು ತಿರುವು ತಿರುಗಿದ್ದರೆ ಸಾಕಿತ್ತು, ಕೂತೇ ಬಿಡುತ್ತಿದ್ದಳು. ನಾನು ನನ್ನ ಕಣ್ಣಾರೆ ನೋಡಿದೆ, ಅವಳು ಹಿಡಿದದ್ದು ಏನೆಂದು ಗೊತ್ತಾದ ಕೂಡಲೇ ಕೆಂಡ ಮುಟ್ಟಿದವರ ಹಾಗೆ ಕೈ ಹಿಂದೆ ಎಳೆದುಕೊಂಡಳು. ಹಿಡಿಯಲು ಬೇರೆ ಏನೂ ಇರಲಿಲ್ಲ. ಗೋಡೆಗೆ ಬೆನ್ನು ಉಜ್ಜಿಕೊಂಡು, ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು, ಕುರ್ಚಿಯ ಕಾಲಬುಡದ ಫರಸಿಯ ಮೇಲೆ ಕುಸಿದಳು. ನಾನು ಕಿಟಾರನೆ ಕಿರುಚಿದೆ.

ಅವ್ವ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದಳು. ಅಪ್ಪ ಖೋಲಿಯ ಬಾಗಿಲಲ್ಲಿ ಲೆಕ್ಕಣಿಕೆ ಹಿಡಿದುಕೊಂಡೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅತ್ತಿ ಕಣ್ಣು ಬಿಟ್ಟಳು.

"ಅಲ್ಲವ್ವಾ ಕರುಣಾ, ಕೈಯಳತಿಗೆ ಕುರ್ಚಿ ಇತ್ತು. ಕುಂಡ್ರಬಾರದೇನು?" ಅಂದಳು ಅವ್ವ.

"ಅದರಾಗ ಹೆಂಗ ಕುಂಡ್ರಲಿ ವೈನಿ? ಅಣ್ಣ ಹೊಡೀತಾನ."

ತಾಯಿಯಾಗಲಿದ್ದ ಹೆಂಗಸು, ಹುಡುಗಿಯ ದನಿಯಲ್ಲಿ ಹಾಗೆ ಅಂದಳು. ಅಪ್ಪನಿಗೆ ಅರ್ಥವೇ ಆಗಲಿಲ್ಲ.

"ನಾನು? ನಾ ನಿನ್ನ ಯಾವಾಗ ಹೊಡದೇನಿ?"

ಅತ್ತಿ ಎದ್ದು ಕೂರಲು ಹವಣಿಸಿದಳು, ಅವ್ವ ಬೆನ್ನಿಗೆ ಆಸರೆ ಕೊಟ್ಟಳು. ಆಮೇಲೆ ಅವಳು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ, ಏಕೆಂದರೆ ಹೇಳುವಾಗ ಅವಳು ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ.

"ಅಪ್ಪ ಹೋದ ಮ್ಯಾಲೆ, ಒಂದಿನ ಮಧ್ಯಾಹ್ನ ಆ ಕುರ್ಚ್ಯಾಗ ಹೋಗಿ ಮಲಗಿದ್ದೆ ಅಣ್ಣಾ. ಅದಕ್ಕ ಅಪ್ಪನ ವಾಸನಿ ಇತ್ತು, ತಂಬಾಕದ್ದು. ದಿನಾ ಅಪ್ಪನ ತೊಡಿ ಮ್ಯಾಲೆ ಅಲ್ಲೇ ಮಲಗತಿದ್ದೆ. ನೀ ಬಂದಿ, ರಟ್ಟಿ ಹಿಡದು ಎಳದಿ, ಕಪಾಳಕ್ಕ ಕೊಟ್ಟಿ. ಯಜಮಾನ ಎಲ್ಲಾ ನೋಡ್ತಾನ, ಸಿಟ್ಟಾಗ್ತಾನ ಅಂದಿ. ಆವತ್ತಿಂದ ಆತನ ಕೂಡ ಮಾತಾಡಾಕ ನನಗ ಬಾಯೇ ಬರಂಗಿಲ್ಲ. ಹಾಡು ಹೇಳ್ತೀನಿ, ಖರೆ. ಬೇಡಕೊಳ್ಳಾಕ ಬರಂಗಿಲ್ಲ. ಎರಡು ಕೂಸು ಹೋದಾಗೂ ಬರಲಿಲ್ಲ. ಆ ಮುಂಡರಗಿ ಬೋಧಕರು, ದೊಡ್ಡಾಂವನ ಅಂಜಿಕಿ ಆದ್ರ ಈ ಸಣ್ಣವರ ಕೂಡ ಮಾತಾಡವ್ವಾ ಅಂದ್ರು. ಆತು ಅಂದೆ. ಅವ್ರು ನನಗ ಅಂಜೂದು ಕಲಸಲಿಲ್ಲ ಅಣ್ಣಾ. ಅದನ್ನ ನಾ ಇಲ್ಲೇ ಕಲತೆ."

ಅಪ್ಪನ ಕೈಯಿಂದ ಲೆಕ್ಕಣಿಕೆ ಬಿತ್ತು. ಫರಸಿಯ ಮೇಲೆ ಮಸಿ ಸಿಡಿಯಿತು, ಯಾರೂ ಒರೆಸಲಿಲ್ಲ. ಊರೂರು ತಿರುಗಿ ಯಾವುದರ ವಿರುದ್ಧ ಗಂಟಲು ಹರಕೊಂಡಿದ್ದನೋ ಅದರ ಬೀಜ ತನ್ನ ಪಡಸಾಲೆಯಲ್ಲೇ, ತಾನೇ ಹೊಡೆದ ಹಲಗೆಯ ಕೆಳಗೇ ಬಿದ್ದಿತ್ತೆಂದು ಕೇಳಿದ ಮನುಷ್ಯ ಹೇಗೆ ಕಾಣುತ್ತಾನೆ ಎಂದು ನನಗೆ ಗೊತ್ತು. ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಾನೆ. ಅಪ್ಪ ಮಸಿ ದಾಟಿ ತಂಗಿಯ ಹತ್ತಿರ ಬಂದು ಕೈ ಚಾಚಿದ.

"ಏಳವ್ವಾ. ಕುರ್ಚ್ಯಾಗ ಕುಂಡ್ರು ಬಾ."

ಅತ್ತಿ ತಲೆ ಅಲ್ಲಾಡಿಸಿ ಇನ್ನಷ್ಟು ಗೋಡೆಗೆ ಅಂಟಿಕೊಂಡಳು. ಅಪ್ಪ ಸುತ್ತ ನೋಡಿದ. ನಾನು ಕಣ್ಣಿಗೆ ಬಿದ್ದೆ. ತಂಗಿಗೆ ತೋರಿಸಿಕೊಡಬೇಕೆಂದು ಇರಬೇಕು, ನನ್ನನ್ನು ಕರೆದ.

"ಬಾ ಮಗಳ, ನೀ ಕುಂಡ್ರು. ನಿಮ್ಮತ್ತಿ ನೋಡ್ಲಿ. ಏನೂ ಆಗಂಗಿಲ್ಲ."

ಅಯ್ಯೋ ದೇವರೇ, ಆ ಕ್ಷಣ! ಅಪ್ಪನ ಮಾತೆಂದರೆ ನನಗೆ ವೇದ, ಬಾವಿಗೆ ಹಾರು ಅಂದರೂ ಹಾರುತ್ತಿದ್ದೆನೇನೋ. ಆದರೆ ನನ್ನ ಕಾಲು ಏಳಲಿಲ್ಲ. ಅಪ್ಪ ನನ್ನ ಕೈ ಹಿಡಿದು ಮೆಲ್ಲಗೆ ಎಳೆದ. ನಾನು ಪಾಟಿ ಬಿಸಾಕಿ, ಒಲ್ಲೆ ಒಲ್ಲೆ ಎಂದು ಚೀರಿ, ಅವ್ವನ ಸೀರೆಯೊಳಗೆ ಮುಖ ಹುದುಗಿಸಿದೆ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಅಪ್ಪ ನನ್ನ ಕೈ ಬಿಟ್ಟುಬಿಟ್ಟ. ತಂಗಿ ಹೇಳಿದ್ದಕ್ಕಿಂತ ನನ್ನ ಆ ನಡುಕವೇ ಅವನನ್ನು ಹೆಚ್ಚು ಹೊಡೆಯಿತೆಂದು ಕಾಣುತ್ತದೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು, ತಾನು ದಿನಾ ತುತ್ತಿನ ಜೊತೆ ಕ್ರಿಸ್ತನನ್ನು ಉಣಿಸಿದ ಮಗು, ಒಂದು ಕಟ್ಟಿಗೆಯ ಕುರ್ಚಿಗೆ ಹೀಗೆ ಹೆದರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಅವ್ವ ನನ್ನನ್ನು ಬದಿಗೆ ಸರಿಸಿದಳು. ಅತ್ತಿಯ ಬೆನ್ನಿಗೆ ದಿಂಬು ಕೊಟ್ಟಳು. ಅಡಿಗೆಮನೆಗೆ ಹೋಗಿ, ಸೋಸುತ್ತಿದ್ದ ಮೆಂತ್ಯದ ಸೊಪ್ಪಿನ ಮೊರ ತಂದು, ಸೀದಾ ಹೋಗಿ ಕುರ್ಚಿಯಲ್ಲಿ ಕೂತಳು. ಕಾಲ ಮೇಲೆ ಮೊರ ಇಟ್ಟುಕೊಂಡು ಸೊಪ್ಪು ಸೋಸತೊಡಗಿದಳು. ಬೆತ್ತ ಕಿರ್ ಎಂದಿತು. ನಾನು ಮಾಡು ಬೀಳುತ್ತದೆಂದು ಮೇಲೆ ನೋಡಿದೆ. ಹಂಚು ಹಂಚಿನ ಜಾಗದಲ್ಲೇ ಇದ್ದವು.

"ಎಲ್ಲಾರಕಿಂತ ಮ್ಯಾಲಿದಾನ ಅಂತೀರಿ," ಅವ್ವ ತಲೆ ಎತ್ತದೆ ಅಪ್ಪನಿಗೆ ಅಂದಳು. "ಅಂಥಾವ್ನ ತಂದು ಒಂದು ಕುರ್ಚ್ಯಾಗ ಕುಂಡ್ರಿಸಿ, ಅದನ್ನ ನೀವ ಕಾಯಾಕ ಹತ್ತೀರಿ. ಇಷ್ಟು ವರ್ಷ ಒರಸಿದಾಕಿ ನಾನು. ಅದರಾಗ ಬರೇ ಧೂಳ ಇತ್ರಿ."

ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋಗಿ ಟಾಂಗಾ ತಂದ. ಅತ್ತಿಯನ್ನು ಗದಗಿನ ಆಸ್ಪತ್ರೆಗೆ ಒಯ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ ಎಂದು ಅಲ್ಲಿಯ ಡಾಕ್ಟರಬಾಯಿ ಬೈದರಂತೆ. ಕೈಗೆ ಸಲೈನ್ ಹಚ್ಚಲು ದಾರ ಅಡ್ಡ ಬಂತು. ಕತ್ತರಿ ಹಿಡಿದ ನರ್ಸು ಅತ್ತಿಯ ಮುಖ ನೋಡಿದಳು. ಅತ್ತಿ ಅಪ್ಪನ ಮುಖ ನೋಡಿದಳು. ಇಷ್ಟು ದಿನ ದಾರ ಹರಿ, ದಾರ ಹರಿ ಎಂದು ಜೀವ ತಿಂದಿದ್ದ ಅಪ್ಪ, ನಿನಗ ಹೆಂಗ ಧೈರ್ಯ ಬರತೈತೋ ಹಂಗ ಮಾಡವ್ವಾ, ಇನ್ನೊಂದು ಕೈಗೂ ಸಲೈನ್ ಹಚ್ಚಬಹುದು, ಅಂದನಂತೆ. ಅತ್ತಿ ಕಣ್ಣು ಮುಚ್ಚಿ ದಾರದ ಕೈಯನ್ನೇ ಮುಂದೆ ಮಾಡಿದಳಂತೆ. ಇದನ್ನೆಲ್ಲ ಅವ್ವ ಆಮೇಲೆ ಹೇಳಿದ್ದು.

ಕೂಸು ಉಳಿಯಿತು. ಹೆಣ್ಣು ಕೂಸು, ಅಳುವುದಕ್ಕೆ ಶುರು ಮಾಡಿದರೆ ಮಗ್ಗದ ಸಪ್ಪಳವನ್ನೂ ಮುಚ್ಚಿಹಾಕುವಂಥ ಗಂಟಲು. ಹಾಗೆಂದು ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅತ್ತಿ ಬಾಣಂತಿ ಖೋಲಿಯಲ್ಲಿ ಮಲಗಿದಲ್ಲೇ ಇನ್ನೂ ತುಟಿ ಅಲ್ಲಾಡಿಸಿ ಆ ಹೆಸರುಗಳನ್ನು ಹೇಳುತ್ತಿದ್ದಳು, ನಾನು ಕೇಳಿದ್ದೇನೆ. ಅಪ್ಪನೂ ಕೇಳಿದ, ಕೇಳಿಯೂ ಸುಮ್ಮನಿದ್ದ. ಊಟದ ಹೊತ್ತಿನ ಕಥೆ ನಿಂತುಹೋಯಿತು. ಮುಂಡರಗಿಗೆ ಹೋದಾಗ ವಾದ ಮಾಡುವುದು ಬಿಟ್ಟು, ದಾರ ಕಟ್ಟಿದವರ ಮನೆಗಳಿಗೇ ಹೋಗಿ, ನಿಮಗ ಯಾತರ ಅಂಜಿಕಿ ಅಂತ ಕೇಳಿ ಅವರು ಹೇಳಿದ್ದನ್ನು ಕೇಳಿಕೊಂಡು ಬರುತ್ತಿದ್ದ. ಮನೆಯಲ್ಲಿ ಅವ್ವ ಮಧ್ಯಾಹ್ನವೆಲ್ಲ ಕುರ್ಚಿಯಲ್ಲೇ ಕೂತು ಸೊಪ್ಪು ಸೋಸಿದಳು, ಅಂಗಿಗೆ ಗುಂಡಿ ಹಚ್ಚಿದಳು. ನೀಲವ್ವನೂ ಒಂದು ದಿನ ಮೊಣಕಾಲು ತಿಕ್ಕಿಕೊಳ್ಳುತ್ತ ಬಂದು ಕೂತಳು. ನಾನು ಮೊದಲು ಒಂದು ಬೆರಳು ಇಟ್ಟೆ, ಆಮೇಲೆ ಕೈ, ಆಮೇಲೆ ಒಂದು ಮಧ್ಯಾಹ್ನ ಹತ್ತಿ ಕೂತೇಬಿಟ್ಟೆ. ಅತ್ತಿ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. ಅಪ್ಪ ಮತ್ತೆ ಕರೆಯಲೂ ಇಲ್ಲ.

ಬಾಣಂತನ ಮುಗಿದು ಮಾವ ಕರೆಯಲು ಬರುವ ದಿನ ಹತ್ತಿರವಾಗಿತ್ತು. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಪಡಸಾಲೆಯಲ್ಲಿ ನೆಲದ ಮೇಲೆ ಕೂತಿದ್ದೆವು. ಅತ್ತಿಯ ತೊಡೆಯ ಮೇಲೆ ಕೂಸು ಕೊಸರಾಡುತ್ತಿತ್ತು. ಅವಳಿಗೆ ಸೊಂಟ ಹಿಡಿದಿತ್ತು, ನೆಲದ ಮೇಲೆ ಕೂರಲಾರದೆ ಆ ಕಡೆ ಈ ಕಡೆ ಹೊರಳುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಎತ್ತಿದ್ದ. ನಾನು ಅರ್ಧ ಕಣ್ಣು ತೆರೆದು ನೋಡುತ್ತಿದ್ದೆ, ಅದು ನನ್ನ ಚಾಳಿ. ಅತ್ತಿ ಎದ್ದಳು. ಹೋಗುವುದೋ ಬೇಡವೋ ಎಂಬಂತೆ ನಿಂತಳು. ಆಮೇಲೆ, ಕೂತಳು ಎಂದು ಹೇಳಲಾರೆ, ಕೂಸನ್ನು ಎದೆಗೆ ಅವಚಿಕೊಂಡು ಕುರ್ಚಿಯ ತುದಿಗೆ ತಗುಲಿದಳು. ಸ್ವಲ್ಪ ಹೊತ್ತಿಗೆ ಬೆನ್ನು ಹಿಂದಕ್ಕೆ ಒರಗಿತು. ತಂಬಾಕದ ವಾಸನೆ ಹುಡುಕಿದಳೋ ಏನೋ, ಮುಖವನ್ನು ಬದಿಗೆ ತಿರುಗಿಸಿ ಕಟ್ಟಿಗೆಗೆ ಕೆನ್ನೆ ಇಟ್ಟಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಅಷ್ಟರಲ್ಲಿ ಟಪ ಟಪ ಟಪ ಸಪ್ಪಳ ಕೇಳಿತು. ಕೂಸು ಉಚ್ಚೆ ಹೊಯ್ದಿತ್ತು. ಅತ್ತಿಯ ಸೀರೆ ತೊಯ್ದು, ಬೆತ್ತದ ಹೆಣಿಗೆಯ ತೂತುಗಳಿಂದ ಸೋರಿ, ಯಜಮಾನನ ಕುರ್ಚಿಯಿಂದ ಫರಸಿಯ ಮೇಲೆ ಬೀಳುತ್ತಿತ್ತು. ಅಪ್ಪನ ಪ್ರಾರ್ಥನೆ ನಡುವೆಯೇ ನಿಂತಿತು. ಅತ್ತಿ ದಡಬಡಿಸಿ ಏಳಲು ಹೋದಳು, ಅವಳ ಮುಖ ಬೂದಿಯಾಗಿತ್ತು, ಕಪಾಳ ಮುಚ್ಚಿಕೊಳ್ಳಲು ಕೈ ಆಗಲೇ ಮೇಲೆ ಎದ್ದಿತ್ತು. ಅವ್ವ, ನಾನು, ಇಬ್ಬರೂ ಕಲ್ಲಾಗಿ ಅಪ್ಪನ ಕಡೆ ನೋಡಿದೆವು.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದ. ಮೊಣಕಾಲೂರಿ, ಕುರ್ಚಿಯ ಕೆಳಗೆ ಬಗ್ಗಿ, ಫರಸಿ ಒರೆಸತೊಡಗಿದ.

"ಕುಂಡ್ರು ಕುಂಡ್ರು, ಏಳಬ್ಯಾಡ," ಅಂದ ಬಗ್ಗಿದಲ್ಲಿಂದಲೇ. "ಆಂವಾ ಏನೂ ಅನ್ನಂಗಿಲ್ಲವ್ವಾ. ತಾನೂ ತಾಯಿ ತೊಡಿ ಮ್ಯಾಲೆ ಉಚ್ಚಿ ಹೊಯ್ದ ಬೆಳದಾಂವ."

ಅತ್ತಿಯ ಕೈ ಕೆನ್ನೆಯಿಂದ ಮೆಲ್ಲಗೆ ಕೆಳಗಿಳಿಯಿತು. ಬಾಗಿದ ಅಣ್ಣನ ತಲೆಯನ್ನು ನೋಡಿದಳು, ಕೂಸನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ನಮಗೆಲ್ಲ ಕೇಳುವ ಹಾಗೆ, ನಡುವೆ ಯಾರ ಹೆಸರನ್ನೂ ತಾರದೆ ಅಂದಳು:

"ಯೇಸುವೇ, ಇದೊಂದನ್ನ ಉಳಿ‍ಸಿಕೊಡೋ."